ಡೆನ್ಮಾರ್ಕಿನ ಸಾಲಿನಲ್ಲಿ ದೇವೀರಮ್ಮನ ಚಪ್ಪಲಿ

ಹೊಂಗೆಹುಂಡಿಯಲ್ಲಿ ಬೆಳಗಿನ ಐದೂವರೆಗೆ ಸಾಲಿನಲ್ಲಿ ಮನುಷ್ಯರು ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಚಿಕ್ಕಯ್ಯನಛತ್ರ ಹೋಬಳಿಯ ಈ ಪುಟ್ಟ ಊರಿನ ಮಹಿಳಾ ಹಾಲಿನ ಸಂಘದ ಜಗಲಿ ಮೇಲೆ, ಒಂದರ ಹಿಂದೆ ಒಂದು. ಹಾಲು ಕರೆದ ಹೆಂಗಸರು ಕ್ಯಾನನ್ನು ಸಾಲಿಗಿಟ್ಟು ಮನೆಗೆ ಹೋಗಿ ಸಗಣಿ ಬಾಚಿ, ಒಲೆ ಹಚ್ಚಿ, ಆರೂಕಾಲಿಗೆ ಅಳತೆ ಶುರುವಾಗುವ ಹೊತ್ತಿಗೆ ವಾಪಸು ಬರುತ್ತಾರೆ. ಹಾಲು ಇನ್ನೂ ಕರೆದಿಲ್ಲ ಅಂದರೂ ಚಿಂತೆಯಿಲ್ಲ. ಒಂದು ಕಲ್ಲನ್ನೋ, ಚೊಂಬನ್ನೋ, ಒಂದು ಕಾಲಿನ ಚಪ್ಪಲಿಯನ್ನೋ ಇಟ್ಟು ಹೋದರೆ ಆಯಿತು. ಚಪ್ಪಲಿ ನಿಂತರೆ ಯಜಮಾನಿ ನಿಂತ ಹಾಗೆಯೇ ಲೆಕ್ಕ. ನ್ಯಾಯಬೆಲೆ ಅಂಗಡಿಯಲ್ಲೂ, ನೀರಿನ ನಲ್ಲಿಯ ಮುಂದೆಯೂ ಇದೇ ಕಾನೂನು.

ಈ ಸಾಲಿನ ಉಸ್ತುವಾರಿ ದೇವೀರಮ್ಮನದು. ವಯಸ್ಸು ನಲವತ್ತೊಂಬತ್ತು. ಹುಟ್ಟಿದ್ದು ತಲಕಾಡಿನ ಕಡೆ, ಹದಿನೆಂಟಕ್ಕೆ ಮದುವೆಯಾಗಿ ಇಲ್ಲಿಗೆ ಬಂದವಳು. ಹತ್ತನೇ ಕ್ಲಾಸು ಪಾಸಾದ ಸೊಸೆ ಊರಿಗೆ ಅವಳೊಬ್ಬಳೇ ಇದ್ದುದರಿಂದ ಸಂಘದ ಕಾರ್ಯದರ್ಶಿ ಕೆಲಸ ತಾನಾಗಿ ಅವಳ ಹೆಗಲಿಗೆ ಬಂತು. ಅದಕ್ಕೀಗ ಹದಿನೇಳು ವರ್ಷ. ಹಾಲಿಗೆ ನೀರು ಬಿದ್ದಿದ್ದರೆ ಯಂತ್ರಕ್ಕಿಂತ ಮೊದಲೇ ಅವಳ ಮೂಗಿಗೆ ತಿಳಿಯುತ್ತದೆ. ಆದರೆ ಬಾಯಿಬಿಟ್ಟು ಹೇಳುವುದಿಲ್ಲ, ಹಸುವಿಗೆ ಒಂದಿಷ್ಟು ಹಿಂಡಿ ಜಾಸ್ತಿ ಹಾಕು ಎಂದು ನಗುತ್ತಾಳೆ. ಯಾರ ಜಗಳ ಬಂದರೂ ಅವಳ ಮದ್ದು ಒಂದೇ: ಒಸಿ ಸುಧಾರಿಸ್ಕೊಂಡು ಓಗಾನ ಬನ್ನಿ. ಗಂಡ ಕರಿಯಪ್ಪ ದಿನಕ್ಕೆ ಹತ್ತು ಮಾತಾಡುವ ಮನುಷ್ಯ. ಅದರಲ್ಲಿ ನಾಲ್ಕು ಎತ್ತಿಗೆ ಹೋಗುತ್ತವೆ. ಅವನ ಜೊತೆ ಮೂವತ್ತೊಂದು ವರ್ಷ ಜಗಳವಿಲ್ಲದೆ ಬಾಳಿದ್ದೂ ಇದೇ ಮದ್ದಿನಿಂದ.

ಈ ಸುಧಾರಿಸುವ ಬುದ್ಧಿಯಿಂದಲೇ ಅವಳು ಒಂದು ತಪ್ಪು ಮಾಡುತ್ತಿದ್ದಳು, ಅದೂ ದಿನಾ ಬೆಳಿಗ್ಗೆ.

ಕೆಳಗಲ ಬೀದಿಯ ಚಿಕ್ಕಮಾದಮ್ಮನಿಗೆ ಒಂದು ಹಸು, ಒಬ್ಬಳು ಮಗಳು. ಚಿಕ್ಕಮಾದಮ್ಮ ಆರು ಗಂಟೆಗೆಲ್ಲ ಕಬ್ಬಿನ ಗದ್ದೆಯ ಕೂಲಿಗೆ ಹೋಗುವುದರಿಂದ ಹಾಲು ಹಾಕುವ ಕೆಲಸ ಮಗಳು ಅರ್ಪಿತಳದು. ಹುಡುಗಿ ನಂಜನಗೂಡಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಾಳೆ. ಏಳರ ಬಸ್ಸು ಸಿಕ್ಕಿದರೆ ಲ್ಯಾಬಿಗೆ ಸರಿಯಾಗಿ ಮುಟ್ಟುತ್ತಾಳೆ. ಅದು ತಪ್ಪಿದರೆ ಮುಂದಿನದು ಒಂಬತ್ತೂಕಾಲಿಗೆ. ಹಾಗಾಗಿ ಅವಳು ಎಲ್ಲರಿಗಿಂತ ಮುಂಚೆ ಬಂದು, ಹಿಡಿಗೆ ನೀಲಿ ರಿಬ್ಬನ್ ಕಟ್ಟಿದ ತನ್ನ ಕ್ಯಾನನ್ನು ಸಾಲಿನ ಮೊದಲಿಗೆ ಇಟ್ಟು ಸ್ನಾನಕ್ಕೆ ಓಡುತ್ತಿದ್ದಳು. ವಾಪಸು ಬರುವ ಹೊತ್ತಿಗೆ ಕ್ಯಾನು ಸಾಲಿನ ಕೊನೆಯಲ್ಲಿರುತ್ತಿತ್ತು. ನಲವತ್ತು ಮನೆಯ ಹಾಲು ಅಳೆದು ಮುಗಿಯುವಷ್ಟರಲ್ಲಿ ವಾರಕ್ಕೆ ಮೂರು ದಿನ ಬಸ್ಸು ಹೋಗಿರುತ್ತಿತ್ತು.

ಎತ್ತಿಡುತ್ತಿದ್ದವಳು ದೇವೀರಮ್ಮನೇ. ಎರಡು ವರ್ಷದ ಹಿಂದೆ ಮೇಲಿನ ಬೀದಿಯ ಪುಟ್ಟಬಸಮ್ಮ, ಸಂಘಕ್ಕೆ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು, ಒಂದು ದಿನ ಬಾಗಿಲಿಗೊರಗಿ ನಿಂತು ಮೊದಲು ನಮ್ಮವರ ಹಾಲು ಬೀಳಲಿ, ಕೆಳಗಲ ಬೀದಿಯದು ಆಮೇಲೆ ಎಂದಳು. ಇಲ್ಲದಿದ್ದರೆ ತನ್ನ ಹಾಲನ್ನೂ ತನ್ನ ಕಡೆಯ ಹನ್ನೆರಡು ಮನೆಯ ಹಾಲನ್ನೂ ಖಾಸಗಿ ಡೇರಿಯ ವ್ಯಾನಿಗೆ ಹಾಕುತ್ತೇನೆ ಎಂದೂ ಸೇರಿಸಿದಳು. ಎಲ್ಲ ಬೀದಿಯ ಹಾಲೂ ಹೋಗಿ ಬೀಳುವುದು ಅದೇ ಒಂದು ದೊಡ್ಡ ತೊಟ್ಟಿಗೆ, ಅದು ಮೈಸೂರಿಗೆ ಹೋಗಿ ಪ್ಯಾಕೆಟ್ಟಾಗಿ ಮತ್ತೆ ಪುಟ್ಟಬಸಮ್ಮನ ನೆಂಟರ ಮನೆಯ ಕಾಫಿಗೇ ಬೀಳುತ್ತದೆ. ಇದು ದೇವೀರಮ್ಮನಿಗೆ ಗೊತ್ತಿತ್ತು. ಆದರೂ ಸಂಘ ಒಡೆದೀತು ಎಂದು ಹೆದರಿದಳು. ಮಾರನೆಯ ಬೆಳಿಗ್ಗೆ ಯಾರೂ ಇಲ್ಲದಾಗ ನೀಲಿ ರಿಬ್ಬನ್ನಿನ ಕ್ಯಾನಿನ ಹಿಡಿಯನ್ನು ಎರಡೇ ಬೆರಳಿನಲ್ಲಿ, ಸದ್ದಾಗದ ಹಾಗೆ ಎತ್ತಿ ಕೊನೆಗೆ ಇಟ್ಟಳು. ಆಮೇಲೆ ಅದು ಬೀಗ ತೆಗೆಯುವಷ್ಟೇ ಸಲೀಸಾಗಿ ರೂಢಿಯಾಯಿತು.

ಕಳೆದ ವರ್ಷ ಸಂಘಕ್ಕೆ ಉತ್ತಮ ಮಹಿಳಾ ಸಂಘವೆಂದು ಬಹುಮಾನ ಬಂತು. ಬಹುಮಾನ ಬಂದ ಹನ್ನೆರಡು ಸಂಘಗಳ ಕಾರ್ಯದರ್ಶಿಗಳನ್ನು ಅಧ್ಯಯನ ಪ್ರವಾಸಕ್ಕೆ ಡೆನ್ಮಾರ್ಕಿಗೆ ಕಳಿಸುವುದೆಂದು ತೀರ್ಮಾನವಾಯಿತು. ಹೊರಡುವ ಹಿಂದಿನ ಬೆಳಿಗ್ಗೆ, ಎಲ್ಲರೂ ಹೋದ ಮೇಲೆ, ಅರ್ಪಿತ ಖಾಲಿ ಕ್ಯಾನು ಹಿಡಿದು ನಿಂತೇ ಇದ್ದಳು. ಅಟೆಂಡೆನ್ಸ್ ಎಪ್ಪತ್ತೆರಡಕ್ಕೆ ಇಳಿದಿದೆ, ಎಪ್ಪತ್ತೈದು ಆಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ ಎಂದಳು. ಆಮೇಲೆ ಕೇಳಿದಳು.

"ಅಕ್ಕ, ನಾನು ಮುಂಚೆ ಬಂದೋಳು. ನನ್ ಕ್ಯಾನು ಯಾರು ಎತ್ತಿಡ್ತಾರೆ, ನೋಡಿದ್ದೀರಾ?"

"ನಾನ್ ನೋಡ್ನಿಲ್ಲ ಕಣವ್ವ. ಯಾವ್ದಾರ ದನ ಮೂತಿ ಆಕಿರ್ಬೇಕು."

ದನ ಮೂತಿ ಹಾಕಿದರೆ ಕ್ಯಾನು ಉರುಳುತ್ತದೆ, ನಲವತ್ತು ಕ್ಯಾನು ದಾಟಿಕೊಂಡು ಹೋಗಿ ಕೊನೆಯಲ್ಲಿ ನೆಟ್ಟಗೆ ಕೂರುವುದಿಲ್ಲ. ಅಷ್ಟು ವಿಜ್ಞಾನ ಬಿ.ಎಸ್ಸಿ. ಓದದವರಿಗೂ ಗೊತ್ತು. ಅರ್ಪಿತ ಹುಷಾರಾಗಿ ಹೋಗಿ ಬನ್ನಿ ಎಂದು ಹೇಳಿ ಹೊರಟಳು. ದೇವೀರಮ್ಮನಿಗೆ ಆ ರಾತ್ರಿ ಹೋಳಿಗೆ ರುಚಿಸಲಿಲ್ಲ.

ವಿಮಾನ ಹತ್ತಿದ ಮೇಲೆ ಅದೆಲ್ಲ ಮರೆತುಹೋಯಿತು ಅನ್ನಿ. ಮರೆಯುವುದಕ್ಕೆ ಬೇಕಾದಷ್ಟು ಇತ್ತು. ಹನ್ನೆರಡು ಜನರ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಸೇರಿ ಅರ್ಧ ವಿಮಾನ ಘಮಘಮ ಎನ್ನುತ್ತಿತ್ತು. ಡೆನ್ಮಾರ್ಕಿನ ಕೊಟ್ಟಿಗೆಯಲ್ಲಿ ಸಗಣಿ ವಾಸನೆಯೇ ಇಲ್ಲದ್ದನ್ನು ಕಂಡು ದೇವೀರಮ್ಮನಿಗೆ ಹಸುಗಳ ಮೇಲೇ ಅನುಮಾನ ಬಂತು. ಅಲ್ಲಿ ಹಾಲು ಕರೆಯುವುದು ಯಂತ್ರ, ಹಸುಗಳು ತಾವೇ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಜೋರು ಹಸುಗಳು ಸಾಧು ಹಸುಗಳನ್ನು ಹಿಂದಕ್ಕೆ ತಳ್ಳುವುದು ಇಲ್ಲೂ ಉಂಟು, ಅದಕ್ಕೇ ಸಾಧು ಹಸುಗಳಿಗೆ ಬೇರೆ ಗೇಟು ಮಾಡಿದ್ದೇವೆ ಎಂದು ಆ ರೈತ ವಿವರಿಸಿದ. ಹನ್ನೆರಡು ಜನವೂ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ದೇವೀರಮ್ಮ ಗೇಟಿನ ಚಿತ್ರವನ್ನೂ ಬರೆದುಕೊಂಡಳು.

ಭಾನುವಾರ ಕೋಪನ್‌ಹೇಗನ್ನಿನಲ್ಲಿ ರಜೆ. ಮಿಕ್ಕವರು ಚಾಕೊಲೇಟು ಕೊಳ್ಳಲು ಪೇಟೆಗೆ ಹೋದರು. ದೇವೀರಮ್ಮನಿಗೆ ಮಂಡಿ ನೋವು, ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ತಂಡದ ಜೊತೆ ಬಂದಿದ್ದ ವಿಸ್ತರಣಾಧಿಕಾರಿ ಗೌತಮಿ, ಮೂವತ್ತು ದಾಟದ ಚುರುಕು ಹುಡುಗಿ, ಇಲ್ಲೇ ಬಂದರಿನ ಹತ್ತಿರ ಎಕ್ಸಿಬಿಷನ್ ಇದೆ, ಬರುತ್ತೀರಾ ಎಂದಳು. ದೇವೀರಮ್ಮನಿಗೆ ಎಕ್ಸಿಬಿಷನ್ ಎಂದರೆ ಮೈಸೂರಿನ ದಸರಾ ಎಕ್ಸಿಬಿಷನ್. ಜೈಂಟ್ ವ್ಹೀಲು, ಮೆಣಸಿನಕಾಯಿ ಬಜ್ಜಿ, ಮುಟ್ಟಿದರೆ ಹರಿಯುವ ಬೆಡ್‌ಶೀಟು. ಚಳಿಗೆ ಬಜ್ಜಿ ಒಳ್ಳೆಯದು ಎಂದುಕೊಂಡು ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ಹೊರಟಳು.

ಬಜ್ಜಿ ಇರಲಿಲ್ಲ. ಹಡಗು ರಿಪೇರಿ ಮಾಡುತ್ತಿದ್ದ ಹಳೆಯ ಶೆಡ್ಡು, ಒಳಗೆ ಅಲ್ಲಲ್ಲಿ ಮನುಷ್ಯರು. ಇಲ್ಲಿ ಚಿತ್ರ, ವಿಗ್ರಹ ಇರುವುದಿಲ್ಲ, ಕಲಾವಿದರು ಏನೋ ಮಾಡುತ್ತಿರುತ್ತಾರೆ, ನೋಡಲು ಬಂದವರೂ ಅದರಲ್ಲಿ ಸೇರಿಕೊಳ್ಳಬೇಕು ಎಂದು ಗೌತಮಿ ತಿಳಿಸಿಕೊಟ್ಟಳು. ಮೊದಲ ಮೂಲೆಯಲ್ಲಿ ಒಬ್ಬ ಹೆಂಗಸು ದಪ್ಪ ಹಗ್ಗದ ಒಂದು ತುದಿ ಹಿಡಿದು ಕೂತಿದ್ದಳು. ಇನ್ನೊಂದು ತುದಿಯನ್ನು ಬಂದವರಿಗೆ ಕೊಡುತ್ತಿದ್ದಳು. ಹಿಡಿದವರು ಅವಳ ಕಣ್ಣನ್ನೇ ನೋಡುತ್ತ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತಿದ್ದರು. ಎಷ್ಟು ಹೊತ್ತು ಹಿಡಿಯಬೇಕು ಎಂದು ದೇವೀರಮ್ಮ ಕೇಳಿದಳು, ಎಷ್ಟು ಹೊತ್ತಾದರೂ ಎಂದಳು ಗೌತಮಿ. ಆ ಹೆಂಗಸಿಗೆ ಪಾಪ ಬೇಜಾರಾಗಬಾರದು, ತನಗೂ ಕೈ ನೋಯಬಾರದು. ದೇವೀರಮ್ಮ ಹಗ್ಗವನ್ನು ಕಂಬಕ್ಕೆ ಸುತ್ತಿ, ಕರು ಬಿಚ್ಚಿಕೊಳ್ಳದ ಗಂಟು ಹಾಕಿ, ಇನ್ನು ನೀನೂ ಒಂದಿಷ್ಟು ಆರಾಮಾಗಿ ಕೂತುಕೋ ಎಂದು ಸನ್ನೆ ಮಾಡಿ ಮುಂದೆ ಹೋದಳು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಗೌತಮಿ ಕರವಸ್ತ್ರ ಬಾಯಿಗಿಟ್ಟುಕೊಂಡು ನಕ್ಕಳು.

ಶೆಡ್ಡಿನ ಕೊನೆಯಲ್ಲಿ ಒಂದು ಹಳದಿ ಬಾಗಿಲು, ಅದರ ಮುಂದೆ ಇಪ್ಪತ್ತೈದು ಮೂವತ್ತು ಜನರ ಸಾಲು. ಗೌತಮಿ ಓದಿ ಹೇಳಿದ ಬೋರ್ಡಿನಲ್ಲಿ ಇದ್ದುದು ಮೂರೇ ಮಾತು: ಯಾರು ಬೇಕಾದರೂ ಸೇರಬಹುದು, ಮಾತಾಡಬಾರದು, ಬಾಗಿಲು ಒಂದೊಂದು ಸಲಕ್ಕೆ ಒಬ್ಬರಿಗೆ ತೆರೆಯುತ್ತದೆ. ಒಳಗೇನಿದೆ ಎಂದು ಬೋರ್ಡಿನಲ್ಲಿ ಇರಲಿಲ್ಲ. ಸಾಲು ಕಂಡರೆ ದೇವೀರಮ್ಮನ ಕಾಲು ಸುಮ್ಮನಿರುವುದಿಲ್ಲ, ಹೋಗಿ ಸೇರಿಕೊಂಡಳು. ನಾಲ್ಕು ಗಂಟೆಗೆ ಹೊರಗೆ ಬಸ್ಸು ಬರುತ್ತದೆ, ಮೂರೂಮುಕ್ಕಾಲಿಗೆ ನಾನೇ ಬಂದು ಕರೆಯುತ್ತೇನೆ ಎಂದು ಹೇಳಿ ಗೌತಮಿ ಬೇರೆ ಕೋಣೆಗಳನ್ನು ನೋಡಲು ಹೋದಳು.

ಸಾಲು ನಿಧಾನಕ್ಕೆ ಸರಿಯಿತು. ನಡುವೆ ಬೂದು ಬಣ್ಣದ ನಿಲುವಂಗಿ ತೊಟ್ಟ, ಕೂದಲು ಗಿಡ್ಡಕ್ಕೆ ಕತ್ತರಿಸಿದ ಎತ್ತರದ ಹೆಂಗಸೊಬ್ಬಳು ಸಾಲಿನ ಉದ್ದಕ್ಕೂ ನಡೆದು ಬಂದಳು. ಅವಳೇ ಕಲಾವಿದೆ. ಮುಂದೆ ನಿಂತಿದ್ದ ಒಬ್ಬ ಕಾಲೇಜು ಹುಡುಗಿಯ ತೋಳನ್ನು ಮೆಲ್ಲಗೆ ಹಿಡಿದು ಕೊನೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಕಾರಣ ಹೇಳಲಿಲ್ಲ. ಹುಡುಗಿ ತಬ್ಬಿಬ್ಬಾಗಿ ಸುತ್ತ ನೋಡಿದಳು. ದೇವೀರಮ್ಮ ಒಂದು ಹೆಜ್ಜೆ ಮುಂದೆ ಬಂದಳು. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯೇ ಆಯಿತು.

ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಅವಳು ಮೂರನೆಯವಳಾಗಿದ್ದಳು, ಮಂಡಿ ಮಾತ್ರ ಬಿಟ್ಟರೆ ಸಾಕು ಎನ್ನುತ್ತಿತ್ತು. ಗೋಡೆಯ ಪಕ್ಕ ಒಂದು ಬೆಂಚು ಖಾಲಿ ಇತ್ತು. ಹೊಂಗೆಹುಂಡಿಯ ಯಾರೇ ಆಗಿದ್ದರೂ ಏನು ಮಾಡುತ್ತಿದ್ದರೋ ಅದನ್ನೇ ಅವಳೂ ಮಾಡಿದಳು. ಎಡಗಾಲಿನ ಚಪ್ಪಲಿ ಬಿಚ್ಚಿ, ತನ್ನ ಜಾಗದಲ್ಲಿ ಬಾಗಿಲಿಗೆ ಮೂತಿ ಮಾಡಿ ನೇರವಾಗಿ ಇಟ್ಟು, ಹೋಗಿ ಬೆಂಚಿನ ಮೇಲೆ ಕೂತಳು. ಹಿಂದಿನ ಮುದುಕ ಚಪ್ಪಲಿಯನ್ನು ನೋಡಿದ, ಅವಳನ್ನು ನೋಡಿದ. ಅವಳು ಅದು ನನ್ನದೇ ಎಂದು ಎದೆ ಮುಟ್ಟಿ ತೋರಿಸಿದಳು. ಒಂದು ನಿಮಿಷ ಯೋಚಿಸಿ ಮುದುಕ ತಾನೂ ಒಂದು ಬೂಟು ಬಿಚ್ಚಿಟ್ಟು ಬಂದು ಪಕ್ಕದಲ್ಲಿ ಕೂತ. ಆಮೇಲೆ ಒಬ್ಬಳು ಬಸುರಿ. ಆಮೇಲೆ ಇಬ್ಬರು ಪೊಲೀಸರಂತಿದ್ದ ಗಟ್ಟಿ ಆಳುಗಳು. ಅರ್ಧ ಸಾಲು ಬೂಟುಗಳದ್ದಾಯಿತು. ಬೆಂಚು ಸಾಲದೆ ಕೆಲವರು ನೆಲದ ಮೇಲೆ ಕಾಲು ಚಾಚಿ ಕೂತರು. ಇಷ್ಟು ಸುಲಭದ ಉಪಾಯ ಈ ದೇಶಕ್ಕೆ ಇಷ್ಟು ದಿನ ಹೊಳೆದಿರಲಿಲ್ಲವಲ್ಲ ಎಂದು ದೇವೀರಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಬೂದು ಬಟ್ಟೆಯವಳು ಮತ್ತೆ ಬಂದಳು. ಬೂಟುಗಳ ಸಾಲನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ, ದೇವೀರಮ್ಮನ ಚಪ್ಪಲಿಯ ಪಟ್ಟಿಯನ್ನು ಎರಡೇ ಬೆರಳಿನಲ್ಲಿ, ಸದ್ದಾಗದ ಹಾಗೆ ಎತ್ತಿ, ಅಷ್ಟೂ ಜನರನ್ನೂ ಬೂಟುಗಳನ್ನೂ ದಾಟಿ ಹೋಗಿ ಕೊನೆಯಲ್ಲಿ ನೆಟ್ಟಗೆ ಇಟ್ಟಳು.

ದೇವೀರಮ್ಮನಿಗೆ ಮೈಯೆಲ್ಲ ಬಿಸಿಯಾಯಿತು. ಎದ್ದು ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲಿನಲ್ಲಿ ಬರೀ ಕಾಲುಚೀಲ ಹಾಕಿಕೊಂಡು ಕುಂಟುತ್ತ ಹೋಗಿ ಚಪ್ಪಲಿ ತಂದು ಮೊದಲಿದ್ದ ಜಾಗಕ್ಕೇ ಇಟ್ಟಳು. ಬೂದು ಬಟ್ಟೆಯವಳು ಮತ್ತೆ ಎತ್ತಿ ಕೊನೆಗೆ ಇಟ್ಟಳು. ಇವಳು ಮತ್ತೆ ತಂದಳು. ಮೂರನೆಯ ಸಲ ಆ ಹೆಂಗಸು ಬಗ್ಗಿದಾಗ ದೇವೀರಮ್ಮ ಸುತ್ತ ನೋಡಿದಳು. ಎಲ್ಲರೂ ನೋಡುತ್ತಿದ್ದರು. ಅವಳ ಉಪಾಯದಿಂದಲೇ ಕೂತು ಸುಧಾರಿಸಿಕೊಳ್ಳುತ್ತಿದ್ದ ಮುದುಕನೂ ನೋಡುತ್ತಿದ್ದ. ಒಬ್ಬರೂ ಬಾಯಿ ಬಿಡಲಿಲ್ಲ. ಅವಮಾನವೂ ಸಿಟ್ಟೂ ಒಟ್ಟಿಗೇ ಬಂತು, ಮಾತಾಡಬಾರದು ಎಂಬ ಬೋರ್ಡು ಮರೆತೇಹೋಯಿತು.

"ಯಾಕವ್ವ ಎತ್ತಿಡ್ತೀಯೆ? ನಾನು ಮುಂಚೆ ಬಂದೋಳು."

ಅಚ್ಚ ಹೊಂಗೆಹುಂಡಿಯ ಕನ್ನಡ ಆ ಶೆಡ್ಡಿನ ತಗಡಿಗೆ ಬಡಿದು ಅವಳ ಕಿವಿಗೇ ವಾಪಸು ಬಂತು. ಆ ಮಾತು ತನ್ನದಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಖಾಲಿ ಕ್ಯಾನು ಹಿಡಿದು ನಿಂತವಳ ಮುಖ ಕಣ್ಣ ಮುಂದೆ ಬಂತು. ಬೂದು ಬಟ್ಟೆಯವಳು ಕಣ್ಣೆತ್ತಿ ನೋಡಿದಳು, ಉತ್ತರ ಕೊಡಲಿಲ್ಲ. ದನ ಮೂತಿ ಹಾಕಿರಬೇಕು ಎಂದು ಸುಳ್ಳನ್ನೂ ಹೇಳಲಿಲ್ಲ. ದೇವೀರಮ್ಮ ಅವಳ ಎರಡು ಬೆರಳನ್ನೇ ನೋಡುತ್ತ ನಿಂತಳು. ಸಿಟ್ಟು ಇಳಿದುಹೋಗಿತ್ತು. ನಾಚಿಕೆಯಾಗುತ್ತಿತ್ತು. ಇಷ್ಟು ದೊಡ್ಡ ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಆ ಹೆಂಗಸು ಕೊನೆಗೆ ಒಯ್ದಿಟ್ಟ ಚಪ್ಪಲಿಯನ್ನು ಈ ಸಲ ಅಲ್ಲೇ ಬಿಟ್ಟು, ಅದರ ಪಕ್ಕ ಹೋಗಿ ನಿಂತಳು. ಮುಂದೆ ನಿಂತಿದ್ದವಳು ಅದೇ ಕಾಲೇಜು ಹುಡುಗಿ. ಇವಳ ಕಡೆ ತಿರುಗಿ ಸಣ್ಣಗೆ ನಕ್ಕಳು. ಇಬ್ಬರೂ ಹಳದಿ ಬಾಗಿಲನ್ನು ದೂರದಿಂದ ನೋಡುತ್ತಿದ್ದಾಗ ಗೌತಮಿ ಓಡಿ ಬಂದು ಬಸ್ಸು ಬಂತು ಎಂದಳು. ಬಾಗಿಲು ಸಿಗಲಿಲ್ಲ.

ಬಸ್ಸಿನಲ್ಲಿ ಗೌತಮಿ, ಹೊರಡುವಾಗ ಅಲ್ಲಿ ಕೊಟ್ಟಿದ್ದ ಆ ದಿನದ ಕಾಗದವನ್ನು ಓದಿ ಹೇಳಿದಳು. ಈ ಆಟ ಶುರುವಾಗಿ ಹನ್ನೊಂದು ದಿನವಾಗಿದೆಯಂತೆ. ಯಾರನ್ನಾದರೂ ಹಿಂದಕ್ಕೆ ಹಾಕಿದಾಗ ಸಾಲಿನಲ್ಲಿರುವ ಇನ್ನೊಬ್ಬರು ಯಾರಾದರೂ ಬೇಡ ಎಂದರೆ ಸಾಕು, ಆ ಹೆಂಗಸು ಅವರನ್ನು ಅವರ ಜಾಗಕ್ಕೇ ತಂದು ನಿಲ್ಲಿಸಿ ಬಾಗಿಲನ್ನು ಎಲ್ಲರಿಗೂ ತೆರೆದುಬಿಡುತ್ತಾಳಂತೆ. ತಮ್ಮ ಜಾಗಕ್ಕಾಗಿ ಜಗಳ ಆಡಿದವರು ಬೇಕಾದಷ್ಟು ಮಂದಿ. ಇನ್ನೊಬ್ಬರ ಜಾಗಕ್ಕಾಗಿ ಇದುವರೆಗೆ ಯಾರೂ ಕೇಳಿಲ್ಲವಂತೆ.

"ಆ ಉಡ್ಗೀನ ಇಂದ್ಕೆ ಆಕುದ್ರು," ಎಂದಳು ದೇವೀರಮ್ಮ. "ನಾನೂ ಕೇಳ್ನಿಲ್ಲ."

ಗೌತಮಿ ಅವಳಿಗೆ ಒಂದು ಚಾಕೊಲೇಟು ಕೊಟ್ಟಳು. ದೇವೀರಮ್ಮ ಅದನ್ನು ತಿನ್ನದೆ ಚೀಲಕ್ಕೆ ಹಾಕಿಕೊಂಡಳು.

ಊರಿಗೆ ಬಂದ ಸಂಜೆ ಜಗಲಿ ತುಂಬ ಜನ. ರೋಬೋಟು ಹಾಲು ಕರೆದದ್ದು, ಹಗ್ಗಕ್ಕೆ ಗಂಟು ಹಾಕಿದ್ದು, ಬಿಳಿಯರು ಬೂಟು ಬಿಚ್ಚಿ ನೆಲದ ಮೇಲೆ ಕೂತದ್ದು, ಎಲ್ಲ ಹೇಳಿ ನಗಿಸಿದಳು. ಆ ಬಾಗಿಲಿನೊಳಗೆ ಏನಿತ್ತು ಎಂದು ಎಲ್ಲರೂ ಕೇಳಿದರು. ಅಷ್ಟರಲ್ಲಿ ಬಸ್ಸು ಬಂದುಬಿಟ್ಟಿತು ಎಂದಳು. ಚಪ್ಪಲಿಯನ್ನು ಎತ್ತಿಟ್ಟ ಕತೆ ಮಾತ್ರ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಕರಿಯಪ್ಪನೊಬ್ಬನಿಗೆ ಹೇಳಿದಳು, ಕ್ಯಾನಿನ ಸಂಗತಿಯನ್ನೂ ಸೇರಿಸಿ. ಕರಿಯಪ್ಪ ಆ ದಿನದ ಉಳಿಕೆ ಮಾತುಗಳನ್ನೆಲ್ಲ ಒಟ್ಟುಮಾಡಿ ಒಂದೇ ಪ್ರಶ್ನೆ ಕೇಳಿದ. ನಾಳೆ ಏನು ಮಾಡುತ್ತೀಯ?

ಅವಳಿಗೆ ಭಯವಿತ್ತು. ಹನ್ನೆರಡು ಮನೆ ಹೋದರೆ ಸಂಘದಲ್ಲಿ ಉಳಿಯುವುದೇನು? ಬೆಳಿಗ್ಗೆ ಬೀಗ ತೆಗೆಯುವಾಗಲೂ ಅದೇ ಯೋಚನೆ. ಆಗಲೇ ನೀಲಿ ರಿಬ್ಬನ್ನಿನ ಕ್ಯಾನು ಜಗಲಿಯ ಮೊದಲಿಗೆ ಬಂದು ಕೂತಿತ್ತು. ದೇವೀರಮ್ಮ ಅದರ ಮುಂದೆ ನಿಂತು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ರೂಢಿಯ ಬೆರಳುಗಳನ್ನು ಅವಳು ನಂಬಲಿಲ್ಲ. ಉಳಿದ ಕ್ಯಾನುಗಳು ಒಂದೊಂದಾಗಿ ಹಿಂದೆ ಸೇರಿಕೊಂಡವು. ಪುಟ್ಟಬಸಮ್ಮ ತನ್ನ ಎರಡು ದೊಡ್ಡ ಕ್ಯಾನು ಹೊರಿಸಿಕೊಂಡು ಬಂದು, ಮೊದಲ ಕ್ಯಾನನ್ನು ನೋಡಿ, ದೇವೀರಮ್ಮನ ಮುಖ ನೋಡಿ, ಬಾಗಿಲಿಗೊರಗಿ ನಿಂತಳು.

ಆರೂಕಾಲಾಯಿತು. ತಲೆಯಿಂದ ನೀರು ಇಳಿಯುತ್ತಿದ್ದ ಹಾಗೇ ಅರ್ಪಿತ ಓಡಿ ಬಂದು, ರೂಢಿಯಂತೆ ಸಾಲಿನ ಕೊನೆಗೆ ಕಣ್ಣು ಹಾಯಿಸದೆ, ನೇರ ಮೊದಲಿಗೆ ಬಂದಳು. ಅದೇಕೆಂದು ದೇವೀರಮ್ಮನಿಗೆ ಆಗ ಹೊಳೆಯಲಿಲ್ಲ. ಅರ್ಪಿತಳ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿ, ಹಾಲನ್ನು ಅಳೆದು, ಪರೀಕ್ಷೆ ಮಾಡಿ, ತೊಳೆದು ಒಣಗಿದ ತೊಟ್ಟಿಗೆ ಮೊದಲ ಹಾಲಾಗಿ ಸುರಿದಳು. ಬಾಗಿಲ ಹತ್ತಿರ ಪುಟ್ಟಬಸಮ್ಮ ಒಂದು ಸಲ ಕೆಮ್ಮಿದಳು, ಅಷ್ಟೇ. ದೇವೀರಮ್ಮ ಚೀಲದಿಂದ ಚಾಕೊಲೇಟು ತೆಗೆದು ಖಾಲಿ ಕ್ಯಾನಿನ ಜೊತೆ ಅರ್ಪಿತಳ ಕೈಗಿಟ್ಟಳು. ಎಲ್ಲರ ಎದುರಿಗೇ ಹೇಳಿದಳು.

"ದನ ಅಲ್ಲ ಕಣವ್ವ. ನಾನೇ ಎತ್ತಿಡ್ತಿದ್ದೆ."

ಅರ್ಪಿತ ಚಾಕೊಲೇಟನ್ನು ನೋಡಿದಳು, ಆಮೇಲೆ ಅವಳನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತು ಅಕ್ಕ. ಪಕ್ಕದೂರಿನೋರು ಬಂದು ಅಳೀತಿದ್ರಲ್ಲ, ನೀವಿಲ್ದ ಹತ್ತು ದಿನ ನನ್ ಕ್ಯಾನು ಇಟ್ಟಲ್ಲೇ ಇತ್ತು."

ಏಳರ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಅರ್ಪಿತ ಓಡಲಿಲ್ಲ, ನಡೆದುಕೊಂಡೇ ಹೋದಳು. ಅಂದರೆ ಆ ಹತ್ತು ದಿನವೂ ಪುಟ್ಟಬಸಮ್ಮ ಹೀಗೇ ಬಾಗಿಲಿಗೊರಗಿ ನಿಂತು, ಹೀಗೇ ಕೆಮ್ಮಿ, ಹಾಲು ಹಾಕಿ ಹೋಗಿದ್ದಳು. ಯಾವ ವ್ಯಾನೂ ಬಂದಿರಲಿಲ್ಲ. ದೇವೀರಮ್ಮ ಅಳತೆಯ ಪಾತ್ರೆಯನ್ನು ತೊಟ್ಟಿಯ ಅಂಚಿಗೆ ಬಡಿದು ಕೊನೆಯ ಹನಿಯನ್ನೂ ಇಳಿಸಿದಳು. ಆಮೇಲೆ ಮುಂದಿನವರು ಬನ್ನಿ ಎಂದು ಕರೆದಳು.